ಕೆಳಗೆ ಅಂಗಡಿ, ಮೇಲೆ ಮನೆ: ನಡುವಿನ ಖರ್ಚು ಯಾರದು?

ಮೈಸೂರಿನಿಂದ ಮಡಿಕೇರಿ ಕಡೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 275ರಲ್ಲಿ ಹುಣಸೂರು ದಾಟಿ ಪಿರಿಯಾಪಟ್ಟಣ ಮುಟ್ಟುವುದಕ್ಕೆ ಮೊದಲೇ ಕಂಪಲಾಪುರ ಸಿಗುತ್ತದೆ. ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆ ಇರುವ ಊರು. ಇಲ್ಲಿರಲಿ, ಹುಣಸೂರಿರಲಿ, ಕೆ.ಆರ್. ನಗರ, ಎಚ್.ಡಿ. ಕೋಟೆಯಿರಲಿ, ರಸ್ತೆಬದಿಯ ಕಟ್ಟಡಗಳ ರೂಪ ಹೆಚ್ಚುಕಡಿಮೆ ಒಂದೇ. ರಸ್ತೆಗೆ ಮುಖ ಮಾಡಿದ ಷಟರಿನ ಮಳಿಗೆಗಳು, ಪಕ್ಕದಲ್ಲಿ ಒಬ್ಬರು ಹತ್ತುವಾಗ ಇನ್ನೊಬ್ಬರು ಗೋಡೆಗೆ ಒರಗಿ ನಿಲ್ಲಬೇಕಾದಷ್ಟು ಕಿರಿದಾದ ಮೆಟ್ಟಿಲು, ಮೇಲೆ ಮನೆ, ಅದರ ಮೇಲೆ ಇನ್ನೊಂದು ಮನೆ, ತಾರಸಿಯಲ್ಲಿ ಕಪ್ಪು ನೀರಿನ ಟ್ಯಾಂಕು.

ಇಡೀ ಕಟ್ಟಡಕ್ಕೆ ಒಬ್ಬನೇ ಮಾಲೀಕನಿರುವ ತನಕ ಖರ್ಚಿನ ಪ್ರಶ್ನೆ ಏಳುವುದಿಲ್ಲ. ಬಾಡಿಗೆ ಬರುತ್ತದೆ, ಮೋಟಾರ್ ಸುಟ್ಟರೆ ಮಾಲೀಕ ಕಟ್ಟಿಸುತ್ತಾನೆ. ತಂದೆಯ ಕಾಲ ಮುಗಿದು ಮಕ್ಕಳು ಪಾಲಾದ ದಿನ, ಅಥವಾ ಬಿಲ್ಡರೊಬ್ಬ ಮಳಿಗೆಯನ್ನು ಒಬ್ಬರಿಗೆ, ಫ್ಲಾಟನ್ನು ಇನ್ನೊಬ್ಬರಿಗೆ ಮಾರಿದ ದಿನ ಅದು ಏಳುತ್ತದೆ. ಮೈಸೂರು, ಮಂಗಳೂರು, ಬೆಂಗಳೂರುಗಳ ದೊಡ್ಡ ಸಮುಚ್ಚಯಗಳಲ್ಲಿ ವಕೀಲರ ತನಕ ಹೋಗುವ ಜಗಳವೂ ಸಣ್ಣ ಊರಿನ ಮೂರಂತಸ್ತಿನ ಕಟ್ಟಡದಲ್ಲಿ ಅಣ್ಣತಮ್ಮಂದಿರು ಮಾತು ಬಿಡುವ ಜಗಳವೂ ಮೂಲದಲ್ಲಿ ಒಂದೇ. ಎಲ್ಲರಿಗೂ ಸೇರಿದ್ದರ ಖರ್ಚನ್ನು ಯಾವ ಲೆಕ್ಕದಲ್ಲಿ ಹಂಚಬೇಕು?

ವಿಭಾಗ ಪತ್ರ ಹೇಳದೆ ಬಿಟ್ಟದ್ದು

ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯಾಗುವ ಕುಟುಂಬದ ವಿಭಾಗ ಪತ್ರಗಳಲ್ಲಿ ಚೆಕ್ಕುಬಂದಿ ಬಲು ಕಟ್ಟುನಿಟ್ಟು. ಪೂರ್ವಕ್ಕೆ ಇಂಥವರ ಸ್ವತ್ತು, ಪಶ್ಚಿಮಕ್ಕೆ ರಸ್ತೆ, ಉತ್ತರ–ದಕ್ಷಿಣ ಇಷ್ಟಡಿ. ನೆಲ ಅಂತಸ್ತು ಹಿರಿಯನಿಗೆ, ಮೊದಲ ಮಹಡಿ ಎರಡನೆಯವನಿಗೆ, ಅದರ ಮೇಲಿನದು ಕಿರಿಯನಿಗೆ. ಮೆಟ್ಟಿಲು, ಬೋರ್‌ವೆಲ್, ಸಂಪು, ತಾರಸಿಯ ವಿಷಯಕ್ಕೆ ಬಂದಾಗ ಮಾತ್ರ ಪತ್ರ ಬರೆಯುವವರ ಕೈ ಸಡಿಲವಾಗುತ್ತದೆ: ಇವನ್ನು ಮೂವರೂ ಜಂಟಿಯಾಗಿ ಅನುಭವಿಸತಕ್ಕದ್ದು. ಅನುಭವಿಸುವ ಮಾತಾಯಿತು. ಕೆಟ್ಟರೆ ರಿಪೇರಿ ಮಾಡಿಸುವವರು ಯಾರು, ಯಾವ ಪ್ರಮಾಣದಲ್ಲಿ ಎಂಬ ಸಾಲು ಸಾಮಾನ್ಯವಾಗಿ ಇರುವುದಿಲ್ಲ.

ಈಚಿನ ವರ್ಷಗಳಲ್ಲಿ ಇದಕ್ಕೊಂದು ಹೊಸ ತೊಡಕು ಸೇರಿದೆ. 2023ರಲ್ಲಿ ಬಂದ ಗೃಹಜ್ಯೋತಿ ಉಚಿತ ವಿದ್ಯುತ್ ಯೋಜನೆ ಮನೆಗಳಿಗೆ ಮಾತ್ರ, ಅಂಗಡಿಗಳಿಗಿಲ್ಲ. ಪ್ರತಿ ಮನೆಗೂ ಹಿಂದಿನ ಬಳಕೆಯ ಸರಾಸರಿಯ ಮೇಲೆ ನಿಗದಿಯಾದ ಮಿತಿ ಇದೆ. ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು. ನೀರೆತ್ತುವ ಜಂಟಿ ಮೋಟಾರು ಮೇಲಿನ ಮನೆಯ ಮೀಟರಿಗೆ ಸೇರಿದ್ದರೆ ಕೆಳಗಿನ ಬೇಕರಿಯ ನೀರಿಗಾಗಿ ಓಡಿದ ಗಂಟೆಗಳು ಆ ಮನೆಯ ಲೆಕ್ಕಕ್ಕೆ ಬೀಳುತ್ತವೆ. ಅಂಗಡಿಯ ಮೀಟರಿಗೆ ಸೇರಿದ್ದರೆ ಮನೆಯವರ ಸ್ನಾನದ ನೀರಿಗೂ ವಾಣಿಜ್ಯ ದರ ಬೀಳುತ್ತದೆ. ಮೊದಲು ನೂರಿನ್ನೂರು ರೂಪಾಯಿಯ ಮಾತೆಂದು ಯಾರೂ ತಲೆ ಕೆಡಿಸಿಕೊಳ್ಳದಿದ್ದ ವೈರು ಈಗ ಯಾವ ಮೀಟರಿನಿಂದ ಹೊರಟಿದೆ ಎಂದು ಹುಡುಕುವಂತಾಗಿದೆ.

ಕಲ್ಯಾಣದಿಂದ ಪ್ಯಾರಿಸಿಗೆ

ಪ್ರಶ್ನೆ ಹಳೆಯದು. ಉತ್ತರಗಳಲ್ಲಿ ಒಂದು ನಮ್ಮ ನಾಡಿನಲ್ಲೇ ಬರೆದದ್ದು. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರ ತನ್ನ 'ಮಿತಾಕ್ಷರಾ'ದಲ್ಲಿ, ಅಣ್ಣತಮ್ಮಂದಿರು ಪಾಲು ಮಾಡಿಕೊಳ್ಳಬಾರದ ವಸ್ತುಗಳನ್ನು ವಿವರಿಸುವಾಗ ಬಾವಿಯನ್ನೂ ಮನೆಗೆ, ತೋಟಕ್ಕೆ ಹೋಗಿಬರುವ ದಾರಿಯನ್ನೂ ಸೇರಿಸುತ್ತಾನೆ. ಬಾವಿಗೆ ಬೆಲೆ ಕಟ್ಟಿ ಹಂಚುವ ಹಾಗಿಲ್ಲ, ಸರದಿಯಲ್ಲಿ ಬಳಸಬೇಕು. ಇಂದಿನ ಬೋರ್‌ವೆಲ್ಲಿಗೂ ಮೆಟ್ಟಿಲಿಗೂ ಸಲ್ಲುವ ಮಾತು. ಖರ್ಚಿನ ಬಗ್ಗೆ ಇನ್ನೂ ನಿಷ್ಠುರವಾಗಿ ಮಾತಾಡುವುದು ಕೌಟಿಲ್ಯನ 'ಅರ್ಥಶಾಸ್ತ್ರ', 1905ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ಸಿಕ್ಕಿ 1909ರಲ್ಲಿ ಅಚ್ಚಾದ ಗ್ರಂಥ. ಎಲ್ಲರೂ ಸೇರಿ ಕಟ್ಟೆ ಕಟ್ಟುವಾಗ ತಪ್ಪಿಸಿಕೊಂಡವನು ಖರ್ಚಿನ ಪಾಲು ಕೊಡಲೇಬೇಕು, ಫಲದ ಪಾಲು ಮಾತ್ರ ಅವನಿಗಿಲ್ಲ. ಊರಿನ ಆಟಕ್ಕೆ ವಂತಿಗೆ ಕೊಡದವನು ಕದ್ದು ನೋಡಿದರೆ ಎರಡರಷ್ಟು ತೆರಬೇಕು. ಮೇಂಟೆನೆನ್ಸ್ ಕಟ್ಟದವರನ್ನು ಏನು ಮಾಡಬೇಕೆಂದು ತಲೆ ಕೆಡಿಸಿಕೊಂಡ ಖಜಾಂಚಿಗಳಿಗೆ ಕೌಟಿಲ್ಯ ಸಮಾಧಾನ ಕೊಟ್ಟಾನು.

ಮಹಡಿಗೊಬ್ಬ ಮಾಲೀಕನಿರುವ ಮನೆಯನ್ನು ನೇರವಾಗಿ ನೋಡಿದ್ದು ಫ್ರಾನ್ಸಿನ 1804ರ ನಾಗರಿಕ ಸಂಹಿತೆ. ಅದರ 664ನೇ ವಿಧಿ ಓದಿದರೆ ಹುಣಸೂರಿನ ಕಟ್ಟಡವೊಂದನ್ನು ನೋಡಿ ಬರೆದಂತಿದೆ. ದೊಡ್ಡ ಗೋಡೆಗಳು ಮತ್ತು ಚಾವಣಿಯ ರಿಪೇರಿ ಎಲ್ಲರದು, ಅವರವರ ಮಹಡಿಯ ಮೌಲ್ಯಕ್ಕೆ ತಕ್ಕಂತೆ. ತಾನು ನಡೆದಾಡುವ ನೆಲದ ಖರ್ಚು ಅವರವರದೇ. ಮೊದಲ ಮಹಡಿಯ ತನಕದ ಮೆಟ್ಟಿಲು ಆ ಮಹಡಿಯವನದು, ಅಲ್ಲಿಂದ ಎರಡನೆಯದರ ತನಕದ್ದು ಎರಡನೆಯವನದು. ಎರಡನೆಯವನು ಹತ್ತುವುದು ಎರಡೂ ಮೆಟ್ಟಿಲು, ಕೊಡುವುದು ಒಂದಕ್ಕೆ. ಲೆಕ್ಕ ಸರಿಯಲ್ಲವೆಂದು ಯಾರಿಗೂ ತೋರಬಹುದು, ಆದರೂ ನೂರು ವರ್ಷಕ್ಕೂ ಮೀರಿ ಅದೇ ನಿಯಮವಾಗಿತ್ತು. 1938ರ ಕಾನೂನು ಅದನ್ನು ತೆಗೆದುಹಾಕಿತು.

1972ರ ಕಾಯ್ದೆ

ಕರ್ನಾಟಕದಲ್ಲಿ ಫ್ಲಾಟು ಎಂಬುದಕ್ಕೆ ಸ್ವತಂತ್ರ ಸ್ವತ್ತಿನ ರೂಪ ಕೊಟ್ಟದ್ದು 1972ರ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ. ಎರಡು ವರ್ಷ ಮೊದಲು ಬಂದ ಮಹಾರಾಷ್ಟ್ರದ ಕಾಯ್ದೆಯನ್ನು ಅದು ಬಹುಮಟ್ಟಿಗೆ ಹೋಲುತ್ತದೆ. ಎರಡರ ಮೇಲೂ 1960ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ರೂಪುಗೊಂಡ ಮಾದರಿ ಕಾನೂನಿನ ನೆರಳಿದೆ. ಕರ್ನಾಟಕದ ಕಾಯ್ದೆಯ ಪ್ರಕಾರ ಬಿಲ್ಡರು ಒಂದು ಘೋಷಣಾ ಪತ್ರ, ಎಲ್ಲರೂ ಕರೆಯುವಂತೆ ಡೀಡ್ ಆಫ್ ಡಿಕ್ಲರೇಷನ್, ನೋಂದಾಯಿಸಬೇಕು. ಪ್ರತಿ ಘಟಕಕ್ಕೂ ಸಾಮಾನ್ಯ ಸ್ಥಳಗಳಲ್ಲಿ ಶೇಕಡಾ ಇಷ್ಟು ಅವಿಭಾಜ್ಯ ಪಾಲು ಎಂದು ಅದರಲ್ಲಿ ಬರೆಯಬೇಕು. ಖರ್ಚು ಹಂಚುವುದು ಆ ಶೇಕಡಾ ಪ್ರಕಾರವೇ.

ಹೆಚ್ಚಿನವರ ಗಮನಕ್ಕೆ ಬಾರದ ಸಂಗತಿ ಒಂದಿದೆ. ಕಾಯ್ದೆ ಆ ಶೇಕಡಾವನ್ನು ಲೆಕ್ಕ ಹಾಕಲು ಹೇಳುವುದು ಚದರಡಿಯ ಮೇಲಲ್ಲ. ಇಡೀ ಸ್ವತ್ತಿನ ಮೌಲ್ಯದಲ್ಲಿ ಆ ಘಟಕದ ಮೌಲ್ಯ ಎಷ್ಟೆಂಬುದೇ ಅಲ್ಲಿ ಅಳತೆ. ಬಿಲ್ಡರುಗಳು ಬಳಸುತ್ತ ಬಂದದ್ದು ಮಾತ್ರ ಸಾಮಾನ್ಯ ಸ್ಥಳಗಳ ಪಾಲನ್ನೂ ಸೇರಿಸಿ ಅಳೆದ ಸೂಪರ್ ಬಿಲ್ಟಪ್ ಚದರಡಿ. ಎಲ್ಲ ಮನೆಗಳೂ ಒಂದೇ ತರಹ ಇರುವ ಕಟ್ಟಡದಲ್ಲಿ ಇದರಿಂದ ಹೆಚ್ಚು ವ್ಯತ್ಯಾಸವಾಗುವುದಿಲ್ಲ. ಕೆಳಗೆ ಮಳಿಗೆ ಇದ್ದರೆ ಲೆಕ್ಕ ಬುಡಮೇಲಾಗುತ್ತದೆ, ಏಕೆಂದರೆ ರಸ್ತೆಗೆ ಮುಖ ಮಾಡಿದ 200 ಚದರಡಿಯ ಬೆಲೆ ಮೂರನೇ ಮಹಡಿಯ 200 ಚದರಡಿಗೆ ಬರುವುದಿಲ್ಲ.

ಒಮ್ಮೆ ಬರೆದ ಶೇಕಡಾ ಶಾಶ್ವತ. ಎಲ್ಲ ಮಾಲೀಕರೂ ಒಪ್ಪಿ ತಿದ್ದುಪಡಿ ಪತ್ರ ಮಾಡಿದರಷ್ಟೇ ಬದಲಾವಣೆ. ಲಾಭ ಪಡೆಯುತ್ತಿರುವವನು ಒಪ್ಪುವುದುಂಟೆ? ಕೊಳ್ಳುವವರು ಯಾರೂ ಎದುರಿಗಿಲ್ಲದ ಹೊತ್ತಿನಲ್ಲಿ ಬಿಲ್ಡರು ಬರೆಸಿದ ಪತ್ರ, ಆಮೇಲೆ ಬಂದವರನ್ನೆಲ್ಲ ಹಿಡಿದಿಡುತ್ತದೆ. ನಿರ್ವಹಣಾ ಸಮಿತಿಯ ಸಭೆಗಳಲ್ಲಿ ಸೂತ್ರದ ಮೇಲೆ ನಡೆಯುವ ಕೂಗಾಟಕ್ಕೆ ಅರ್ಥ ಕಡಿಮೆಯಾಗುವುದು ಇದರಿಂದಲೇ. ತೀರ್ಮಾನವಾಗಬೇಕಾದ್ದು ಆ ಸಭೆಗೂ ಮೊದಲೇ, ಅಲ್ಲಿ ಕುಳಿತವರು ಯಾರೂ ಓದದ ಪತ್ರದಲ್ಲಿ ಆಗಿಹೋಗಿರುತ್ತದೆ.

ಮಿಶ್ರ ಕಟ್ಟಡಗಳಿಗೆ ಇನ್ನೂ ಒಂದು ಫಜೀತಿ. ಮುಖ್ಯವಾಗಿ ವಾಸಕ್ಕೆ ಬಳಸುವ ಕಟ್ಟಡಕ್ಕಷ್ಟೇ ಈ ಕಾಯ್ದೆ. ಮನೆಯೂ ಮಳಿಗೆಯೂ ಬೆರೆತಲ್ಲಿ ಮಾಲೀಕರಿಗೆ 1959ರ ಸಹಕಾರ ಸಂಘಗಳ ಕಾಯ್ದೆಯೇ ದಾರಿ ಎಂಬ ನಿಲುವು ರಾಜ್ಯ ಹೈಕೋರ್ಟಿನ ಈಚಿನ ತೀರ್ಪುಗಳಲ್ಲಿ ಕಾಣುತ್ತದೆ. ಸುಲಭವೆಂದು 1960ರ ಸಂಘಗಳ ನೋಂದಣಿ ಕಾಯ್ದೆಯಡಿ ಸಂಘ ಮಾಡಿಕೊಂಡವರು, ಬಾಕಿ ವಸೂಲಿಗೆ ಹೋದಾಗ ತಮ್ಮ ನೋಂದಣಿಯೇ ಪ್ರಶ್ನೆಗೆ ಗುರಿಯಾದದ್ದನ್ನು ಕಂಡಿದ್ದಾರೆ.

ಒಂದೇ ಕಟ್ಟಡ, ನಾಲ್ಕು ಲೆಕ್ಕ

ವಾದಗಳನ್ನು ಹೆಸರಿಸುವುದಕ್ಕಿಂತ ಒಂದು ಕಟ್ಟಡವನ್ನು ಮುಂದಿಟ್ಟುಕೊಂಡರೆ ವಿಷಯ ಬೇಗ ತಿಳಿಯುತ್ತದೆ. ಕೆಳಗೆ ತಲಾ 200 ಚದರಡಿಯ ನಾಲ್ಕು ಮಳಿಗೆ, ಮೇಲೆ ತಲಾ 1,200 ಚದರಡಿಯ ಆರು ಮನೆ ಇರುವ ಕಟ್ಟಡ ಎಂದುಕೊಳ್ಳೋಣ. ತಿಂಗಳಿಗೆ ವಾಚ್‌ಮನ್ ಸಂಬಳ 12,000, ಲಿಫ್ಟಿನ ನಿರ್ವಹಣೆ ಮತ್ತು ಕರೆಂಟು 4,000, ನೀರೆತ್ತಲು 3,000, ಮೆಟ್ಟಿಲು ಗುಡಿಸಿ ಒರೆಸಲು 3,000, ಸಾಮಾನ್ಯ ದೀಪಗಳಿಗೆ 2,000. ಒಟ್ಟು 24,000 ರೂಪಾಯಿ.

ತಲಾ ಸಮ ಎಂದರೆ ಹತ್ತು ಘಟಕಕ್ಕೆ 2,400ರಂತೆ. ಚದರಡಿ ಲೆಕ್ಕವೆಂದರೆ ಅಡಿಗೆ 3 ರೂಪಾಯಿ, ಮಳಿಗೆಗೆ 600, ಮನೆಗೆ 3,600. ಮಳಿಗೆಗೆ 30 ಲಕ್ಷ, ಮನೆಗೆ 40 ಲಕ್ಷ ಬೆಲೆಯೆಂದು ಹಿಡಿದು ಕಾಯ್ದೆ ಹೇಳುವಂತೆ ಮೌಲ್ಯದ ಮೇಲೆ ಹಂಚಿದರೆ ಮಳಿಗೆಗೆ 2,000, ಮನೆಗೆ ಸುಮಾರು 2,667. ಮಳಿಗೆಯವರು ಲಿಫ್ಟು ಹತ್ತುವುದಿಲ್ಲ, ಮೆಟ್ಟಿಲು ತುಳಿಯುವುದಿಲ್ಲ ಎಂದು ಆ 7,000ವನ್ನು ಮನೆಗಳ ಮೇಲಷ್ಟೇ ಹಾಕಿ ಉಳಿದದ್ದನ್ನು ಚದರಡಿಯಂತೆ ಹಂಚಿದರೆ ಮಳಿಗೆಗೆ ಬರೀ 425, ಮನೆಗೆ 3,717.

ಒಂದೇ ಮಳಿಗೆ 425 ಕೊಡಬಹುದು, 2,400 ಕೊಡಬಹುದು. ನಾಲ್ಕು ಲೆಕ್ಕಕ್ಕೂ ಸಮರ್ಥನೆಯುಂಟು.

ಸಮಪಾಲಿನವರ ವಾದ ನೇರ. ವಾಚ್‌ಮನ್ ದೊಡ್ಡ ಮನೆಗೆ ಹೆಚ್ಚು ಹೊತ್ತು, ಸಣ್ಣ ಮನೆಗೆ ಕಡಿಮೆ ಹೊತ್ತು ಕಾಯುವುದಿಲ್ಲ. ಮಹಾರಾಷ್ಟ್ರದ ಸಹಕಾರ ಗೃಹ ಸಂಘಗಳಲ್ಲಿ ನಿಂತ ನಿಯಮ ಇದೇ. 2000ದ ಸರ್ಕಾರಿ ಆದೇಶವನ್ನು ಬಾಂಬೆ ಹೈಕೋರ್ಟು ವೀನಸ್ ಸಹಕಾರ ಗೃಹ ಸಂಘದ ಪ್ರಕರಣದಲ್ಲಿ ಎತ್ತಿಹಿಡಿಯಿತು. ಅಲ್ಲಿನ ಮಾದರಿ ಉಪವಿಧಿಗಳಲ್ಲೂ ಸೇವಾ ಶುಲ್ಕ ತಲಾ ಸಮ, ರಿಪೇರಿ ನಿಧಿ ಮಾತ್ರ ಅವರವರ ಘಟಕದ ನಿರ್ಮಾಣ ವೆಚ್ಚದ ಮೇಲೆ. ಅದೇ ರಾಜ್ಯದಲ್ಲಿ ಅಪಾರ್ಟ್‌ಮೆಂಟ್ ಕಾಯ್ದೆಯಡಿ ಬರುವ ಕಟ್ಟಡಕ್ಕೆ ನಿಯಮ ಬೇರೆ. ಪುಣೆಯ ಟ್ರೆಷರ್ ಪಾರ್ಕ್ ಸಮುಚ್ಚಯದ ವ್ಯಾಜ್ಯದಲ್ಲಿ ಅದೇ ಹೈಕೋರ್ಟು 2025ರಲ್ಲಿ, ಇಲ್ಲಿ ಸಮಪಾಲು ನಡೆಯದು, ಅವಿಭಾಜ್ಯ ಪಾಲಿಗೆ ತಕ್ಕಂತೆಯೇ ಕೊಡಬೇಕು ಎಂದಿತು. ಎರಡು ತೀರ್ಪುಗಳು ಒಂದನ್ನೊಂದು ಅಲ್ಲಗಳೆಯುವುದಿಲ್ಲ. ಕಟ್ಟಡ ಯಾವ ಕಾಯ್ದೆಯಡಿ ನೋಂದಣಿಯಾಗಿದೆ ಎಂಬುದೇ ಬಿಲ್ಲಿನ ಮೊತ್ತ ನಿರ್ಧರಿಸುತ್ತದೆ.

ಚದರಡಿ ಪಕ್ಷಕ್ಕೆ ಇರುವ ದೊಡ್ಡ ಬಲ, ಅಳೆಯುವುದು ಸುಲಭ. ಮೌಲ್ಯ ವರ್ಷವರ್ಷ ಬದಲಾಗುತ್ತದೆ, ಹೆದ್ದಾರಿ ಅಗಲವಾದರೆ ಮಳಿಗೆಯ ಬೆಲೆ ಏರುತ್ತದೆ, ಬೈಪಾಸ್ ಬಂದರೆ ಇಳಿಯುತ್ತದೆ. ಚದರಡಿ ಹಾಗಲ್ಲ. ಮಿಶ್ರ ಕಟ್ಟಡದಲ್ಲಿ ಅದರಿಂದ ಮಳಿಗೆಯವರಿಗೆ ದೊಡ್ಡ ಲಾಭ ಎಂಬುದನ್ನು ಮಾತ್ರ ಈ ಪಕ್ಷದವರು ಜೋರಾಗಿ ಹೇಳುವುದಿಲ್ಲ.

ಲಿಫ್ಟು ಹತ್ತದವರು

ನೆಲ ಅಂತಸ್ತಿನವನು ಲಿಫ್ಟಿಗೆ ಯಾಕೆ ದುಡ್ಡು ಕೊಡಬೇಕು? ನಮ್ಮ ಕಾಯ್ದೆಯ ಉತ್ತರ ಗಡಸು: ಸಾಮಾನ್ಯ ಸೌಲಭ್ಯವನ್ನು ನಾನು ಬಳಸುವುದಿಲ್ಲ, ಬಿಟ್ಟುಕೊಟ್ಟಿದ್ದೇನೆ ಎಂದು ಹೇಳಿ ಯಾವ ಮಾಲೀಕನೂ ಖರ್ಚಿನಿಂದ ತಪ್ಪಿಸಿಕೊಳ್ಳುವಂತಿಲ್ಲ. ಫ್ರಾನ್ಸಿನ ಉತ್ತರ ಬೇರೆ. 1965ರ ಜುಲೈ 10ರ ಅಲ್ಲಿನ ಕಾನೂನು ಖರ್ಚನ್ನು ಎರಡಾಗಿ ಸೀಳುತ್ತದೆ. ಕಟ್ಟಡದ ರಕ್ಷಣೆ, ನಿರ್ವಹಣೆ, ಆಡಳಿತದ ಖರ್ಚು ಮೌಲ್ಯದ ಪ್ರಮಾಣದಲ್ಲಿ. ಲಿಫ್ಟು, ಹೀಟಿಂಗ್‌ನಂಥ ಸೌಲಭ್ಯಗಳ ಖರ್ಚು ಅದು ಆ ಘಟಕಕ್ಕೆ ಎಷ್ಟು ಉಪಯುಕ್ತ ಎಂಬ ಪ್ರಮಾಣದಲ್ಲಿ. ಇಲ್ಲಿ ನೋಡುವುದು ವ್ಯಕ್ತಿಯನ್ನಲ್ಲ, ಘಟಕವನ್ನು. ನಾಲ್ಕನೇ ಮಹಡಿಯವನು ವ್ಯಾಯಾಮಕ್ಕೆಂದು ದಿನಾ ಮೆಟ್ಟಿಲು ಹತ್ತಿದರೂ ಲಿಫ್ಟಿಗೆ ಕೊಡಲೇಬೇಕು. ಲಿಫ್ಟಿನಿಂದ ಏನೂ ಉಪಯೋಗವಿಲ್ಲದ ಕೆಳಗಿನ ಮಳಿಗೆಗೆ ಆ ಬಾಬ್ತು ಇಲ್ಲ.

ನ್ಯಾಯವಾಗಿ ಕಾಣುವ ಈ ಸೂತ್ರದ ಕಷ್ಟ ತಾರಸಿಗೆ ಬಂದಾಗ ತಿಳಿಯುತ್ತದೆ. ಮಳೆಗಾಲದಲ್ಲಿ ತಾರಸಿ ಸೋರಿದರೆ ನೆನೆಯುವುದು ಮೇಲಿನ ಮನೆಯ ಚಾವಣಿ. ಉಪಯೋಗದ ವಾದವನ್ನು ಎಳೆದರೆ ಅದರ ಖರ್ಚು ಮೇಲಿನವರದೇ ಎಂದಾಗುತ್ತದೆ. ಆದರೆ ತಾರಸಿ ಸಾಮಾನ್ಯ ಸ್ಥಳ, ಅದು ತಡೆಯುವುದು ಇಡೀ ಕಟ್ಟಡದ ಕಂಬಿಗೆ ಇಳಿಯುವ ನೀರನ್ನು. ಕಾಂಕ್ರೀಟಿನೊಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬಿದರೆ ಕೆಳಗಿನ ಮಳಿಗೆಯ ಬೆಲೆಯೂ ಉಳಿಯದು. ಇದರ ಉಲ್ಟಾ ಕಥೆ ಚರಂಡಿಯದು. ಕೆಳಗೆ ಹೋಟೆಲೋ ಬೇಕರಿಯೋ ಇದ್ದರೆ ಜಿಡ್ಡು ಪೈಪಿನಲ್ಲಿ ಹೆಪ್ಪುಗಟ್ಟುತ್ತದೆ, ಚೇಂಬರ್ ಕಟ್ಟಿಕೊಳ್ಳುತ್ತದೆ, ಬರುವ ಗಿರಾಕಿಗಳ ಗಾಡಿ ಗೇಟಿಗೆ ಅಡ್ಡ ನಿಲ್ಲುತ್ತದೆ. ಖರ್ಚಿಗೆ ಕಾರಣರಾದವರೇ ಹೆಚ್ಚು ಕೊಡಲಿ ಎಂದು ಮನೆಯವರು ಕೇಳುವುದು ಇಲ್ಲಿಂದ. ವಾಣಿಜ್ಯ ದರದ ಕರೆಂಟು, ಹೆಚ್ಚಿನ ಆಸ್ತಿ ತೆರಿಗೆ ಆಗಲೇ ಕಟ್ಟುತ್ತಿದ್ದೇವೆ ಎಂಬುದು ಮಳಿಗೆಯವರ ಮರುನುಡಿ. ಅದು ಸರ್ಕಾರಕ್ಕೆ ಕಟ್ಟುವುದು, ಚೇಂಬರ್ ತೆಗೆಸುವವನಿಗೆ ಅದರಲ್ಲಿ ಬಿಡಿಗಾಸೂ ಬರುವುದಿಲ್ಲ. ಆದರೂ ಪುಸ್ತಕದಂಗಡಿಯವನಿಂದ ಹೋಟೆಲಿನವನ ಜಿಡ್ಡಿಗೆ ವಸೂಲಿ ಮಾಡುವುದು ಎಲ್ಲಿಯ ನ್ಯಾಯ ಎಂಬ ಪ್ರಶ್ನೆಗೆ ಮನೆಯವರ ಬಳಿಯೂ ಒಳ್ಳೆಯ ಉತ್ತರವಿಲ್ಲ.

ಎರಡು ಖಾತೆ

ಸಿಂಗಪುರ 2004ರ ಕಾನೂನಿನಲ್ಲಿ ಬೇರೊಂದು ದಾರಿ ಹಿಡಿಯಿತು. ಇಡೀ ಕಟ್ಟಡಕ್ಕೆ ಒಂದು ನಿರ್ವಹಣಾ ಸಂಸ್ಥೆ, ಅದರಡಿ ಅಂಗಡಿಗಳಿಗೊಂದು, ಮನೆಗಳಿಗೊಂದು ಉಪಸಂಸ್ಥೆ. ಆಯಾ ಗುಂಪಿಗಷ್ಟೇ ಮೀಸಲಾದ ಜಾಗದ ಖರ್ಚು ಆ ಗುಂಪಿನ ಖಾತೆಗೆ, ಅಡಿಪಾಯ–ಚಾವಣಿಗಳ ಖರ್ಚು ಮೇಲಿನ ಖಾತೆಗೆ. ಈಜುಕೊಳ ಮನೆಯವರದು, ಎಸ್ಕಲೇಟರ್ ಅಂಗಡಿಯವರದು. ದೊಡ್ಡ ಸಮುಚ್ಚಯಕ್ಕೆ ಇದಕ್ಕಿಂತ ಒಳ್ಳೆಯ ವ್ಯವಸ್ಥೆ ಕಾಣುವುದಿಲ್ಲ.

ಇದನ್ನು ತರಲು ಕರ್ನಾಟಕ ಹೊಸದಾಗಿ ಏನನ್ನೂ ಕಂಡುಹಿಡಿಯಬೇಕಿಲ್ಲ. ಕೆಲವರಿಗಷ್ಟೇ ಮೀಸಲಾದ ಸೀಮಿತ ಸಾಮಾನ್ಯ ಸ್ಥಳ ಎಂಬ ಪರಿಕಲ್ಪನೆ 1972ರ ಕಾಯ್ದೆಯಲ್ಲೇ ಇದೆ. ಘೋಷಣಾ ಪತ್ರದಲ್ಲಿ ಲಿಫ್ಟು ಮತ್ತು ಒಳಮೆಟ್ಟಿಲನ್ನು ಮನೆಗಳಿಗೆ, ಮುಂದಿನ ಪಾರ್ಕಿಂಗ್ ಮತ್ತು ಹೊರಗಿನ ಶೌಚಾಲಯವನ್ನು ಮಳಿಗೆಗಳಿಗೆ ಎಂದು ಬರೆದರೆ ಅರ್ಧ ಜಗಳ ಹುಟ್ಟುವುದೇ ಇಲ್ಲ. ಬರೆಯುವ ಬಿಲ್ಡರುಗಳು ಕಡಿಮೆ. ಹತ್ತು ಘಟಕದ ಸಣ್ಣ ಕಟ್ಟಡಕ್ಕೆ ಎರಡು ಖಾತೆ, ಎರಡು ಸಮಿತಿ, ಎರಡು ಆಡಿಟ್ ಎಂದರೆ ಲೆಕ್ಕ ಬರೆಯುವ ಖರ್ಚು ಲಿಫ್ಟಿನ ಖರ್ಚನ್ನು ಮೀರೀತು. ಅಲ್ಲಿಗೆ ಒಂದು ಜಂಟಿ ಮೀಟರು, ಅಂಗಡಿಗಳ ನೀರಿಗೆ ಪ್ರತ್ಯೇಕ ಉಪಮೀಟರು ಸಾಕು. ಹೋಟೆಲಿನವನಿಗೂ ಪುಸ್ತಕದಂಗಡಿಯವನಿಗೂ ಇರುವ ವ್ಯತ್ಯಾಸವನ್ನು ಆ ಉಪಮೀಟರೇ ತೋರಿಸುತ್ತದೆ.

ಜರ್ಮನಿಯ ಅನುಭವ ಇನ್ನೊಂದು ಕಡೆಗೆ ಬೆರಳು ಮಾಡುತ್ತದೆ. 1951ರ ಅಲ್ಲಿನ ಕಾನೂನು ಮಾಲೀಕತ್ವದ ಪಾಲಿಗೆ ತಕ್ಕಂತೆ ಖರ್ಚು ಎಂದಿತ್ತು. 2020ರ ತಿದ್ದುಪಡಿ, ನಿರ್ದಿಷ್ಟ ಖರ್ಚುಗಳ ಹಂಚಿಕೆಯನ್ನು ಬಹುಮತದಿಂದಲೇ ಬದಲಿಸಲು ಮಾಲೀಕರಿಗೆ ದಾರಿ ತೆರೆಯಿತು. ನಮ್ಮಲ್ಲಿ ಎಲ್ಲರ ಒಪ್ಪಿಗೆ ಬೇಕೆಂಬ ಷರತ್ತು ಹಾಗೇ ಇದೆ. ಅದನ್ನು ಸಡಿಲಿಸಿದರೆ ಆರು ಮನೆಗಳವರು ಸೇರಿ ನಾಲ್ಕು ಮಳಿಗೆಯವರ ಮೇಲೆ ಹೊರೆ ಹಾಕಬಹುದೆಂಬ ಭಯ ಸುಳ್ಳಲ್ಲ.

ಬರುವ ದುಡ್ಡು

ಖರ್ಚಿನ ಗಲಾಟೆಯಲ್ಲಿ ಮರೆತುಹೋಗುವುದು ಆದಾಯ. ತಾರಸಿಯ ಮೇಲೆ ಮೊಬೈಲ್ ಟವರ್, ಮುಂಗೋಡೆಗೆ ಜಾಹೀರಾತು ಫಲಕ ಬಂದರೆ ಬಾಡಿಗೆ ಬರುತ್ತದೆ. ಖರ್ಚು ಯಾವ ಶೇಕಡಾದಲ್ಲೋ ಲಾಭವೂ ಅದೇ ಶೇಕಡಾದಲ್ಲಿ ಎನ್ನುತ್ತದೆ ಕಾಯ್ದೆ. ಖರ್ಚಿಗೆ ಚದರಡಿ, ಟವರಿನ ಬಾಡಿಗೆಗೆ ತಲಾ ಸಮ ಎಂದು ಕೇಳುವವರು ಎರಡೂ ಕಡೆ ಸಿಗುತ್ತಾರೆ.

ಜಿಎಸ್‌ಟಿಯ ಮಾತು ಬೇರೆ. ವಸತಿ ಸಂಘಕ್ಕೆ ಸದಸ್ಯರು ಕಟ್ಟುವ ನಿರ್ವಹಣಾ ಶುಲ್ಕ ತಿಂಗಳಿಗೆ 7,500 ರೂಪಾಯಿ ದಾಟದಿದ್ದರೆ ವಿನಾಯಿತಿಯಿದೆ. ಮೊದಲು 5,000 ಇದ್ದ ಮಿತಿ 2018ರ ಜನವರಿಯಲ್ಲಿ ಏರಿತು. ದಾಟಿದರೆ ಪೂರ್ತಿ ಮೊತ್ತಕ್ಕೆ ಶೇ. 18 ತೆರಿಗೆ ಎಂದು 2019ರ ಸುತ್ತೋಲೆ ಹೇಳಿತು. ಮಿತಿ ಮೀರಿದ ಭಾಗಕ್ಕೆ ಮಾತ್ರ ಎಂದು 2021ರಲ್ಲಿ ಮದ್ರಾಸ್ ಹೈಕೋರ್ಟು ಹೇಳಿತು. ವಿನಾಯಿತಿ ಇರುವುದು ವಸತಿ ಸಮುಚ್ಚಯಕ್ಕೆ. ಅದೇ ಸಂಘದ ಸದಸ್ಯನಾದ ಮಳಿಗೆ ಮಾಲೀಕನ ಶುಲ್ಕವನ್ನು ಹೇಗೆ ನೋಡಬೇಕೆಂಬ ಗೊಂದಲದಲ್ಲಿ ಲೆಕ್ಕಪರಿಶೋಧಕರ ಸಲಹೆ ಒಂದೇ ಆಗಿರುವುದಿಲ್ಲ.

ತೀರ್ಮಾನವಾಗದೆ ಉಳಿದದ್ದು

2016ರ ರಿಯಲ್ ಎಸ್ಟೇಟ್ ಕಾಯ್ದೆ (ರೇರಾ), ಮನೆಯೊಳಗಿನ ಬಳಕೆಯ ನೆಲವನ್ನಷ್ಟೇ ಅಳೆಯುವ ಕಾರ್ಪೆಟ್ ವಿಸ್ತೀರ್ಣದಲ್ಲೇ ಮಾರಬೇಕೆಂದು ಹೇಳಿ ಸೂಪರ್ ಬಿಲ್ಟಪ್‌ನ ಮಸುಕನ್ನು ತೆಗೆಯಿತು. ನಿರ್ವಹಣೆ ಸಂಘಕ್ಕೆ ಹಸ್ತಾಂತರವಾಗುವ ತನಕ ಬಿಲ್ಡರಿನದು, ಖರ್ಚಿನ ಪಾಲು ಕೊಡುವುದು ಕೊಂಡವರ ಹೊಣೆ ಎಂದೂ ಹೇಳಿತು. ಪಾಲು ಯಾವ ಅಳತೆಯಲ್ಲಿ ಎಂಬುದನ್ನು ಅದೂ ಮುಟ್ಟಲಿಲ್ಲ. ಹಳೆಯ ಘೋಷಣಾ ಪತ್ರಗಳಲ್ಲಿ ಸೂಪರ್ ಬಿಲ್ಟಪ್ ಲೆಕ್ಕ, ಹೊಸ ಮಾರಾಟ ಪತ್ರಗಳಲ್ಲಿ ಕಾರ್ಪೆಟ್ ಲೆಕ್ಕ. ಎರಡೂ ಒಂದೇ ಕಟ್ಟಡದಲ್ಲಿ ಎದುರಾದಾಗ ಯಾವುದು ನಿಲ್ಲಬೇಕು? ಮಿಶ್ರ ಕಟ್ಟಡಗಳನ್ನು ಒಂದೇ ಸ್ಪಷ್ಟ ಕಾಯ್ದೆಯಡಿ ತರಬೇಕೆಂದು ಬೆಂಗಳೂರಿನ ಅಪಾರ್ಟ್‌ಮೆಂಟ್ ಒಕ್ಕೂಟಗಳು ಕೇಳುತ್ತಲೇ ಬಂದಿವೆ. ಆ ಕಾಯ್ದೆ ಮೌಲ್ಯ, ಚದರಡಿ, ಉಪಯೋಗ ಈ ಮೂರರಲ್ಲಿ ಯಾವುದನ್ನು ಆರಿಸಬೇಕು, ಬದಲಾವಣೆಗೆ ಎಷ್ಟು ಬಹುಮತ ಸಾಕು ಎಂಬುದರಲ್ಲಿ ಒಮ್ಮತವಿಲ್ಲ.

ವಿಭಾಗ ಪತ್ರದ ಕಟ್ಟಡಗಳಿಗೆ ಈ ಯಾವ ಕಾಯ್ದೆಯೂ ತಾನಾಗಿ ಅನ್ವಯಿಸುವುದಿಲ್ಲ, ಮಾಲೀಕರೆಲ್ಲ ಸೇರಿ ಘೋಷಣಾ ಪತ್ರ ಮಾಡಿಕೊಂಡರೆ ಮಾತ್ರ. ತಮ್ಮಂದಿರಲ್ಲೊಬ್ಬ ತನ್ನ ಮಹಡಿಯನ್ನು ಹೊರಗಿನವರಿಗೆ ಮಾರಿದರೆ, ಇಷ್ಟು ದಿನ ದಾಕ್ಷಿಣ್ಯದ ಮೇಲೆ ನಡೆದ ಹಂಚಿಕೆ ಹೊಸಬರನ್ನು ಕಟ್ಟಿಹಾಕೀತೇ ಎಂಬುದನ್ನು ಸಿವಿಲ್ ನ್ಯಾಯಾಲಯಗಳು ಒಂದೊಂದು ಪ್ರಕರಣದಲ್ಲಿ ಬೇರೆಯಾಗಿಯೇ ನೋಡಬೇಕಾಗುತ್ತದೆ. ಕಾರು, ಸ್ಕೂಟರುಗಳಿಗೆ ಚಾರ್ಜಿಂಗ್ ಪಾಯಿಂಟು ಹಾಕಿಸುವಾಗ ಟ್ರಾನ್ಸ್‌ಫಾರ್ಮರ್ ಸಾಮರ್ಥ್ಯ ಹೆಚ್ಚಿಸುವ ಖರ್ಚು ಗಾಡಿ ಇದ್ದವರದೋ ಎಲ್ಲರದೋ ಎಂಬುದು ಹೊಸದಾಗಿ ಸೇರಿದ ಪ್ರಶ್ನೆ. ಅದಕ್ಕಿಂತ ದೊಡ್ಡದು ಕಟ್ಟಡ ಹಳತಾದಾಗ ಬರುತ್ತದೆ. ಕೆಡವಿ ಕಟ್ಟಬೇಕಾದಾಗ ಜಾಗದ ಹಕ್ಕು ಅವಿಭಾಜ್ಯ ಪಾಲಿನ ಪ್ರಕಾರ ಎಂದು ಹೇಳಬಹುದು. ಆದರೆ ಕಟ್ಟುವ ಎರಡು ಮೂರು ವರ್ಷ ಮನೆಯವರು ಬೇರೆಡೆ ಬಾಡಿಗೆಗೆ ಹೋದಾರು, ರಸ್ತೆಬದಿಯ ಗಿರಾಕಿಯನ್ನೇ ನಂಬಿದ ಮಳಿಗೆಯವರ ನಷ್ಟ ಯಾವ ಖಾತೆಗೆ ಬೀಳಬೇಕೆಂಬುದಕ್ಕೆ 1972ರ ಕಾಯ್ದೆಯಲ್ಲಿ ಉತ್ತರವಿಲ್ಲ.